ಗೋಲ್ಡ್ ಕೋಸ್ಟಿನ ಕಡೆಯ ಗವರ್ನರರು

ಸಾಮ್ರಾಜ್ಯವೊಂದು ತನ್ನ ಹಿಡಿತವನ್ನು ಸಡಿಲಿಸಿ ಹೊರಟುಹೋಗುವ ಸಮಯದಲ್ಲಿ ಆಳಿದವರ ಕಡೆಯಿಂದ ಒಂದು ಬಗೆಯ ಚರಿತ್ರೆ ಹುಟ್ಟಿಕೊಳ್ಳುವುದುಂಟು. ಅದರ ಮೇರೆಗೆ ಸ್ವಾತಂತ್ರ್ಯವೆಂಬುದು ಕಟ್ಟಕಡೆಯ ಗವರ್ನರರು ಉದಾರಬುದ್ಧಿಯಿಂದ ಧಾರೆಯೆರೆದುಕೊಟ್ಟ ದಾನ. ಪಡೆದವರು ಕೈಯೊಡ್ಡಿ ನಿಂತವರು. ನಮ್ಮ ದೇಶದ ವಿಷಯದಲ್ಲಿ ಮೌಂಟ್‌ಬ್ಯಾಟನ್ ಸಾಹೇಬರನ್ನು ಕುರಿತು ಇಂಥ ಬರಹಗಳಿಗೆ ಇಂದಿಗೂ ಬರವಿಲ್ಲ. ಆಫ್ರಿಕ ಖಂಡದಲ್ಲಿ ಈ ಬಗೆಯ ಕೀರ್ತಿಯು ಮೊದಲು ಸಂದುದು ಸರ್ ಚಾರ್ಲ್ಸ್ ಆರ್ಡನ್-ಕ್ಲಾರ್ಕರಿಗೆ. ಪಶ್ಚಿಮ ಆಫ್ರಿಕದಲ್ಲಿ ಬ್ರಿಟಿಷರ ಆಳ್ವಿಕೆಯಿಂದ ಮೊದಲು ಬಿಡುಗಡೆ ಹೊಂದಿದ ಗೋಲ್ಡ್ ಕೋಸ್ಟ್ ವಸಾಹತನ್ನು, ಎಂದರೆ ಈಗಿನ ಘಾನಾ ದೇಶವನ್ನು, ಅವರು 1949ರಿಂದ 1957ರವರೆಗೆ ಆಳಿದರು. ತಾವೇ ಸೆರೆಗೆ ಕಳುಹಿಸಿದ ಮುಖಂಡನನ್ನು ತಾವೇ ಕರೆದು ಸರಕಾರವನ್ನು ಅವನ ಕೈಗೆ ಒಪ್ಪಿಸಿದ ಗವರ್ನರರೆಂದು ಅವರ ಹೆಸರು ನಿಂತಿದೆ. ಅವರ ಉದ್ಯೋಗಚರಿತ್ರೆಯನ್ನು ಮೊದಲಿನಿಂದ ನೋಡಿದವರಿಗೆ ಅಲ್ಲಿ ದಾನಶೂರನಿಗಿಂತ ಹೆಚ್ಚಾಗಿ, ಲೆಕ್ಕ ಬಲ್ಲ ಒಬ್ಬ ಅಧಿಕಾರಿ ಕಾಣುತ್ತಾನೆಂಬುದು ನಮ್ಮ ಅಭಿಪ್ರಾಯ. ಆ ವರ್ಗದಲ್ಲಿ ಲೆಕ್ಕ ಬಲ್ಲವರೇ ವಿರಳವಾಗಿದ್ದುದರಿಂದ ಇದೂ ಅಲ್ಪಗುಣವೆಂದು ನಾವು ಎಣಿಸುವುದಿಲ್ಲ.

ಆರ್ಡನ್-ಕ್ಲಾರ್ಕರು ಹುಟ್ಟಿದ್ದು 1898ರಲ್ಲಿ, ನಮ್ಮ ದೇಶದಲ್ಲಿಯೇ; ತಂದೆ ಕ್ರೈಸ್ತ ಮಿಶನ್ನಿನ ಪಾದ್ರಿಗಳು. ಮೊದಲನೆಯ ಮಹಾಯುದ್ಧದಲ್ಲಿ ಸಿಪಾಯಿಗಿರಿ ಮಾಡಿ, 1920ರಲ್ಲಿ ಉತ್ತರ ನೈಜೀರಿಯದ ಆಡಳಿತ ನೌಕರಿಗೆ ಸೇರಿದರು. ಅಮೀರರನ್ನು ಗದ್ದುಗೆಯ ಮೇಲಿಟ್ಟು ಹಿಂದಿನಿಂದ ದಾರ ಎಳೆಯುವ ಆಡಳಿತ ಪದ್ಧತಿಯ ಮನೆಯೇ ಆ ಪ್ರಾಂತ. ನಮ್ಮ ದೇಶೀಯ ಸಂಸ್ಥಾನಗಳಲ್ಲಿ ರೆಸಿಡೆಂಟರ ಆಟವನ್ನು ನೋಡಿದವರಿಗೆ ಅದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. 1936ರಲ್ಲಿ ಬೆಚುವಾನಾಲ್ಯಾಂಡಿಗೆ ಹೋಗಿ ಮರುವರ್ಷ ಅಲ್ಲಿಯ ರೆಸಿಡೆಂಟ್ ಕಮಿಶನರಾದರು. ಅವರಿಗಿಂತ ಹಿಂದಿನವರು ಬಾಮಾಂಗ್ವಾಟೋ ಜನರ ನಾಯಕ ತ್ಶೆಕೆಡಿ ಖಾಮನೊಂದಿಗೆ ವರ್ಷಗಟ್ಟಲೆ ಹಗೆತನ ಸಾಧಿಸಿ, 1933ರಲ್ಲಿ ಅವನನ್ನು ಪದಚ್ಯುತಗೊಳಿಸಿ, ಕೆಲವೇ ದಿನಗಳಲ್ಲಿ ತಿರುಗಿ ಕೂರಿಸಬೇಕಾಗಿ ಬಂದು ನಗೆಗೀಡಾದದ್ದುಂಟು. ಹೊಸ ಕಮಿಶನರರು ಅದೇ ತ್ಶೆಕೆಡಿಯ ಜೊತೆ ಕುಳಿತು ಮಾತಾಡಿ ಕೆಲಸ ಸಾಗಿಸಿಕೊಂಡರು. ಜನರ ಮೇಲೆ ಯಾರ ಮಾತು ನಡೆಯುತ್ತದೆಯೋ ಅವರೊಡನೆಯೇ ವ್ಯವಹರಿಸಬೇಕೆಂಬ ಪಾಠವನ್ನು ಅವರು ಇಲ್ಲಿ ಕಲಿತರೆಂದು ತೋರುತ್ತದೆ. 1942ರಿಂದ 1946ರವರೆಗೆ ಬಸುಟೋಲ್ಯಾಂಡ್. ಅಲ್ಲಿಂದ ಸಮುದ್ರ ದಾಟಿ ಬೋರ್ನಿಯೋ ದ್ವೀಪದ ಸರವಾಕ್.

ಈ ಸರವಾಕಿನ ಮೂರು ವರ್ಷಗಳನ್ನು ಅವರ ಅಭಿಮಾನಿಗಳು ಒಂದೆರಡು ಮಾತುಗಳಲ್ಲಿ ದಾಟಿಹೋಗುವುದು ವಾಡಿಕೆ. ನಾವು ಸ್ವಲ್ಪ ನಿಂತು ನೋಡಬೇಕೆನ್ನುತ್ತೇವೆ. 1841ರಿಂದ ಆ ನಾಡನ್ನು ಬ್ರೂಕ್ ಎಂಬ ಇಂಗ್ಲೀಷ್ ಮನೆತನದವರು 'ಬಿಳಿಯ ರಾಜ'ರೆನಿಸಿಕೊಂಡು ಆಳುತ್ತಿದ್ದರು. ಜಪಾನೀಯರ ಆಕ್ರಮಣ ಮುಗಿದ ಮೇಲೆ ಮೂರನೆಯ ರಾಜ ವೈನರ್ ಬ್ರೂಕನು ರಾಜ್ಯವನ್ನು ಬ್ರಿಟಿಷ್ ಸಿಂಹಾಸನಕ್ಕೆ ಬಿಟ್ಟುಕೊಡಲು ನಿಶ್ಚಯಿಸಿದನು. 1946ರ ಮೇ ತಿಂಗಳಲ್ಲಿ ಅಲ್ಲಿಯ ಕೌನ್ಸಿಲಿನಲ್ಲಿ ಈ ಪ್ರಶ್ನೆ ಬಂದಾಗ ಸದಸ್ಯರು ಬಹುಮಟ್ಟಿಗೆ ಸಮಸಮವಾಗಿ ಒಡೆದುಹೋದರು. ನಾಡಿಗರಾದ ಸದಸ್ಯರಲ್ಲಿ ಹೆಚ್ಚಿನವರು ವಿರೋಧವಾಗಿ ನಿಂತರೂ ಯುರೋಪಿಯನ್ ಅಧಿಕಾರಿಗಳ ಮತಗಳಿಂದ ಮಸೂದೆ ಮೇಲಾಯಿತು. ಜುಲೈ 1ರಂದು ಸರವಾಕ್ ಬ್ರಿಟಿಷ್ ವಸಾಹತಾಯಿತು. ಹಾಗೆ ಬಂದ ವಸಾಹತಿನ ಮೊದಲ ಗವರ್ನರರೇ ಆರ್ಡನ್-ಕ್ಲಾರ್ಕರು.

ಮಲಾಯಿ ಜನರಲ್ಲಿ, ವಿಶೇಷವಾಗಿ ಗುಮಾಸ್ತರಲ್ಲಿಯೂ ಶಾಲಾ ಉಪಾಧ್ಯಾಯರಲ್ಲಿಯೂ, ಇದಕ್ಕೆ ವಿರೋಧ ಬಲವಾಗಿತ್ತು. ಗವರ್ನರರು ಮಾಡಿದ್ದೇನು? 1946ರ ಡಿಸೆಂಬರ್ 31ರಂದು ಅವರ ಸರಕಾರದಿಂದ ಒಂಬತ್ತನೆಯ ಸಂಖ್ಯೆಯ ಸರ್ಕ್ಯುಲರು ಹೊರಟಿತು. ಸರಕಾರಿ ನೌಕರರು ಈ ಚಳವಳಿಯಲ್ಲಿ ಸೇರಕೂಡದು, ಸೇರಿದವರು ಕೆಲಸ ಕಳೆದುಕೊಳ್ಳುವರು ಎಂಬುದು ಅದರ ಸಾರ. ಸಂಬಳಕ್ಕೂ ಮನಸ್ಸಾಕ್ಷಿಗೂ ನಡುವೆ ಒಂದನ್ನು ಆರಿಸಿಕೊಳ್ಳಿರೆಂದು ಹೇಳಿದ ಹಾಗಾಯಿತು. 1947ರ ಏಪ್ರಿಲ್ ತಿಂಗಳಲ್ಲಿ 338 ಮಂದಿ ನೌಕರರು ರಾಜೀನಾಮೆ ಕೊಟ್ಟು ಹೊರಗೆ ಬಂದರು. ಅವರಲ್ಲಿ ಅನೇಕರು ಉಪಾಧ್ಯಾಯರು. ಸರಕಾರಿ ಶಾಲೆಗಳು ಮುಚ್ಚಿಹೋದ ಊರುಗಳಲ್ಲಿ ಜನರು ತಮ್ಮ ಹಣದಿಂದಲೇ ಮಕ್ಕಳ ಪಾಠಕ್ಕೆ ಏರ್ಪಾಡು ಮಾಡಿಕೊಂಡರು. ನಮ್ಮಲ್ಲಿ 1920-21ರ ಅಸಹಕಾರದ ದಿನಗಳಲ್ಲಿ ಕೆಲಸ ಬಿಟ್ಟವರ ಮನೆಗಳಲ್ಲಿ ಬೆಳೆದ ಹಿರಿಯರ ಬಾಯಲ್ಲಿ ಕೇಳಿದವರಿಗೆ ಆ 338 ಸಂಸಾರಗಳ ಪಾಡೇನಿದ್ದಿರಬಹುದೆಂಬುದು ತಿಳಿಯದ್ದಲ್ಲ. ಗವರ್ನರರು ಕದಲಲಿಲ್ಲ. ಸರವಾಕಿನ ಸೇರ್ಪಡೆ ಮುಗಿದ ಮಾತು ಎಂಬುದೊಂದೇ ಅವರ ಉತ್ತರ. ಅವರು ಗೋಲ್ಡ್ ಕೋಸ್ಟಿಗೆ ವರ್ಗವಾಗಿ ಹೋದ ಮೇಲೆ ಅವರ ಸ್ಥಾನಕ್ಕೆ ಬಂದ ಡಂಕನ್ ಸ್ಟೂವರ್ಟರು 1949ರ ಡಿಸೆಂಬರಿನಲ್ಲಿ ಸಿಬು ಪಟ್ಟಣದಲ್ಲಿ ರೋಸ್ಲಿ ದೋಬಿ ಎಂಬ ತರುಣನ ಇರಿತಕ್ಕೆ ಸಿಕ್ಕಿ ತೀರಿಕೊಂಡರು. 1950ರ ಮಾರ್ಚಿನಲ್ಲಿ ಆ ತರುಣನನ್ನು ಗಲ್ಲಿಗೇರಿಸಿದರು. ಕೊಲೆಯನ್ನು ನಾವು ಎಳ್ಳಷ್ಟೂ ಸಮರ್ಥಿಸುವವರಲ್ಲ. ಆದರೆ ಒಬ್ಬರ ಆಳ್ವಿಕೆಯಲ್ಲಿ ಹೊತ್ತಿಕೊಂಡ ಬೆಂಕಿಯು ಇನ್ನೊಬ್ಬರನ್ನು ಸುಟ್ಟಿತೆಂಬುದನ್ನು ಚರಿತ್ರಕಾರನು ಬರೆದಿಡಲೇಬೇಕು.

ಇಂಥವರನ್ನು ಗೋಲ್ಡ್ ಕೋಸ್ಟಿಗೆ ಏಕೆ ಆರಿಸಿದರೆಂಬುದಕ್ಕೆ ಅಲ್ಲಿಯ ಪರಿಸ್ಥಿತಿಯನ್ನು ನೋಡಬೇಕು. ಮಾದರಿ ವಸಾಹತೆಂದು ಲಂಡನ್ನಿನವರು ಹೊಗಳುತ್ತಿದ್ದ ನಾಡದು. ಕೋಕೋ ಬೆಳೆಯಿಂದ ಹಣವಂತವಾದದ್ದು. ಯುದ್ಧಾನಂತರ ಬಟ್ಟೆಬರೆಗಳ ಬೆಲೆ ಏರಿತು. ಕೋಕೋ ಗಿಡಗಳಿಗೆ ರೋಗ ತಗುಲಿತೆಂದು ಸರಕಾರದವರು ರೈತರ ತೋಟಗಳಿಗೆ ನುಗ್ಗಿ ಗಿಡಗಳನ್ನು ಕಡಿಸತೊಡಗಿದರು. ಬರ್ಮಾ ರಣರಂಗದಲ್ಲಿ ಬ್ರಿಟಿಷ್ ಬಾವುಟದ ಕೆಳಗೆ ಹೋರಾಡಿ ಬಂದ ಸಿಪಾಯಿಗಳಿಗೆ ಉದ್ಯೋಗವಿಲ್ಲ, ಒಪ್ಪಿಕೊಂಡ ಸವಲತ್ತುಗಳಿಲ್ಲ. 1948ರ ಫೆಬ್ರವರಿ 28ರಂದು ಈ ಮಾಜಿ ಸಿಪಾಯಿಗಳು ಅರ್ಜಿಯನ್ನು ಹಿಡಿದು ಗವರ್ನರರ ನಿವಾಸವಾದ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯತ್ತ ಮೆರವಣಿಗೆ ಹೊರಟಾಗ ಬಿಳಿಯ ಪೋಲೀಸ್ ಅಧಿಕಾರಿಯೊಬ್ಬನು ಗುಂಡು ಹಾರಿಸಿದನು. ಸಾರ್ಜೆಂಟ್ ಅಜೆಟಿ, ಕಾರ್ಪೊರಲ್ ಅಟಿಪೋ, ಸಿಪಾಯಿ ಒಡಾರ್ಟೆ ಲ್ಯಾಂಪ್ಟೆ ಎಂಬ ಮೂವರು ಸ್ಥಳದಲ್ಲಿಯೇ ಮಡಿದರು. ಬರ್ಮಾದಲ್ಲಿ ಜಪಾನೀಯರ ಗುಂಡಿಗೆ ತಪ್ಪಿಸಿಕೊಂಡವರ ಮೇಲೆ ಅವರ ಸ್ವಂತ ಪಟ್ಟಣದಲ್ಲಿ ಗುಂಡು! ರಾಜಧಾನಿಯಾದ ಅಕ್ರಾ ಹೊತ್ತಿ ಉರಿಯಿತು. ಗಲಭೆಗಳು ಅಡಗುವುದರೊಳಗೆ 29 ಮಂದಿ ಸತ್ತರು. ಆಗಿನ ಗವರ್ನರ್ ಕ್ರೀಸಿಯವರು ಬಂದು ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. ಅವರು ರಾಷ್ಟ್ರೀಯ ಪಕ್ಷದ ಆರು ಮಂದಿ ಮುಖಂಡರನ್ನು ಹಿಡಿಸಿ ದೂರದ ಊರುಗಳಿಗೆ ಸಾಗಿಸಿದರು. ಆ ಆರು ಮಂದಿ ಒಮ್ಮೆಲೇ ಜನರ ಕಣ್ಣಿನಲ್ಲಿ ವೀರರಾದರು. ಅವರಲ್ಲಿ ಒಬ್ಬರು ವಕೀಲ ಡಾಕ್ಟರ್ ಡಾಂಕ್ವಾ, ಇನ್ನೊಬ್ಬರು ಪಕ್ಷದ ಕಾರ್ಯದರ್ಶಿ ಕ್ವಾಮೆ ಎನ್‌ಕ್ರುಮಾ.

ಲಂಡನ್ನಿನವರು ಮಾಮೂಲಿನಂತೆ ಕಮಿಶನ್ ನೇಮಿಸಿದರು. 1946ರಲ್ಲಿ ಕೊಟ್ಟ ರಾಜ್ಯಾಂಗವು ಹುಟ್ಟುವಾಗಲೇ ಹಳತಾಗಿತ್ತೆಂದು ವ್ಯಾಟ್ಸನ್ ಕಮಿಶನ್ ವರದಿ ಒಪ್ಪಿಸಿತು. ಹೊಸದನ್ನು ಬರೆಯಲು ನ್ಯಾಯಮೂರ್ತಿ ಕೌಸಿಯವರ ನಾಯಕತ್ವದಲ್ಲಿ ಪೂರ್ತಿ ಆಫ್ರಿಕನರದೇ ಸಮಿತಿಯಾಯಿತು. ಆರು ಮಂದಿಯಲ್ಲಿ ಐವರಿಗೆ ಅದರಲ್ಲಿ ಸ್ಥಾನ ದೊರೆಯಿತು, ಎನ್‌ಕ್ರುಮಾರಿಗೆ ಮಾತ್ರ ಇಲ್ಲ. 1949ರ ಜೂನ್ ತಿಂಗಳಲ್ಲಿ ಅವರು ಹಳೆಯವರಿಂದ ಬೇರ್ಪಟ್ಟು ಕನ್ವೆನ್ಶನ್ ಪೀಪಲ್ಸ್ ಪಕ್ಷವನ್ನು ಕಟ್ಟಿ, 'ಈಗಲೇ ಸ್ವರಾಜ್ಯ' ಎಂಬ ಘೋಷಣೆಯನ್ನೆತ್ತಿದರು. ಎರಡು ತಿಂಗಳ ಮೇಲೆ, ಆಗಸ್ಟಿನಲ್ಲಿ, ಆರ್ಡನ್-ಕ್ಲಾರ್ಕರು ಅಕ್ರಾಕ್ಕೆ ಬಂದಿಳಿದರು. ಗಟ್ಟಿಗರು, ಅಂಜದವರು, ಸರವಾಕಿನಲ್ಲಿ ಚಳವಳಿಗಾರರಿಗೆ ಬಗ್ಗದವರು ಎಂಬ ಖ್ಯಾತಿ ಅವರ ಬೆನ್ನ ಹಿಂದೆಯೇ ಬಂದಿತ್ತು.

ಮೊದಲ ಆರು ತಿಂಗಳಲ್ಲಿ ಅವರು ಆ ಖ್ಯಾತಿಗೆ ತಕ್ಕಂತೆಯೇ ನಡೆದರು. ಗಾಂಧೀಜಿಯವರ ಮಾರ್ಗವನ್ನು ಮೇಲ್ಪಂಕ್ತಿಯಾಗಿಟ್ಟುಕೊಂಡು ಎನ್‌ಕ್ರುಮಾರು ಮುಷ್ಕರ, ಬಹಿಷ್ಕಾರ, ಅಸಹಕಾರಗಳ ಕಾರ್ಯಕ್ರಮವನ್ನು ಸಾರಿದ್ದರು. ಇದನ್ನು ಕೈಬಿಡುವಂತೆ ಹೇಳಲು ಕಾರ್ಯದರ್ಶಿ ಸಾಲೋವೇ ಸಾಹೇಬರು ಅವರನ್ನು ಕರೆಸಿದಾಗ ನಡೆದ ಸಂಭಾಷಣೆಯನ್ನು ಎನ್‌ಕ್ರುಮಾರು ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ. ಹಿಂದುಸ್ಥಾನದವರು ಕಷ್ಟಸಹಿಷ್ಣುಗಳು, ಅವರಿಗೆ ಇದು ಸಾಧ್ಯ. ನಿಮ್ಮ ಜನರು ಮೂರು ದಿನದಲ್ಲಿ ನಿಮ್ಮನ್ನು ನಡುನೀರಿನಲ್ಲಿ ಬಿಟ್ಟಾರು ಎಂಬ ಅರ್ಥದ ಮಾತನ್ನು ಸಾಹೇಬರು ಆಡಿದರಂತೆ. ನಮ್ಮವರು ಉಪ್ಪು ಮಾಡಲು ಹೊರಟಾಗ, ಇವರಿಂದ ಇದಾಗದೆಂದು ನಕ್ಕವರ ವರ್ಗವೇ ಇಪ್ಪತ್ತು ವರ್ಷಗಳ ತರುವಾಯ ನಮ್ಮನ್ನು ಇನ್ನೊಬ್ಬರಿಗೆ ಆದರ್ಶವಾಗಿ ತೋರಿಸಿದ್ದು ಸೋಜಿಗವೇ ಸರಿ.

1950ರ ಜನವರಿ 8ರಂದು ಚಳವಳಿ ಆರಂಭವಾಯಿತು. ಮೂರೇ ದಿನಗಳಲ್ಲಿ ಗವರ್ನರರು ತುರ್ತು ಪರಿಸ್ಥಿತಿಯನ್ನು ಘೋಷಿಸಿದರು. ಕರ್ಫ್ಯೂ, ಪತ್ರಿಕಾ ಕಚೇರಿಗಳ ಮೇಲೆ ದಾಳಿ, ಬಂಧನಗಳು ಒಂದರ ಹಿಂದೆ ಒಂದು ನಡೆದವು. ಅಕ್ರಾದ ಗಲಭೆಯೊಂದರಲ್ಲಿ ಇಬ್ಬರು ಆಫ್ರಿಕನ್ ಪೋಲೀಸರು ಸತ್ತರು. ಜನವರಿ 22ರಂದು ಎನ್‌ಕ್ರುಮಾರೂ ಬಂಧಿತರಾಗಿ, ಒಟ್ಟು ಮೂರು ವರ್ಷಗಳ ಶಿಕ್ಷೆ ಹೊತ್ತು ಜೇಮ್ಸ್ ಕೋಟೆಯ ಸೆರೆಮನೆ ಸೇರಿದರು. ಆದರೆ ಬೀಗದ ಹೊರಗೆ ಪಕ್ಷ ಸಾಯಲಿಲ್ಲ. ಕೊಮ್ಲಾ ಗ್ಬೆಡೆಮಾ ಎಂಬ ಸಮರ್ಥರು ಅದನ್ನು ಊರೂರಿಗೆ ಒಯ್ದರು. ಶಿಕ್ಷೆ ಮುಗಿಸಿ ಬಂದ ಕಾರ್ಯಕರ್ತರು 'ಸೆರೆಮನೆಯ ಪದವೀಧರ'ರೆಂಬ ಅಕ್ಷರಗಳನ್ನು ಟೊಪ್ಪಿಗೆಯ ಮೇಲೆ ಹಾಕಿಸಿಕೊಂಡು ಸಭೆಗಳಲ್ಲಿ ಮೆರೆದರು. ಮುಖಂಡರು ಮಾತ್ರ ಒಳಗಿನಿಂದ ಶೌಚದ ಕಾಗದದ ಚೂರುಗಳ ಮೇಲೆ ಸೂಚನೆಗಳನ್ನು ಬರೆದು ಗುಟ್ಟಾಗಿ ಹೊರಗೆ ಕಳುಹಿಸುತ್ತಿದ್ದರು.

1951ರ ಫೆಬ್ರವರಿಯಲ್ಲಿ ಹೊಸ ರಾಜ್ಯಾಂಗದಂತೆ ಚುನಾವಣೆ ನಡೆಯಿತು. ಆ ರಾಜ್ಯಾಂಗವೇನೂ ಸ್ವರಾಜ್ಯವಾಗಿರಲಿಲ್ಲ. 84 ಮಂದಿಯ ಸಭೆಯಲ್ಲಿ ಸಾಮಾನ್ಯ ಜನರ ಮತದಿಂದ ಬರತಕ್ಕವರು 38 ಮಂದಿ ಮಾತ್ರ. ಉಳಿದವರು ನಾಯಕರ ಮಂಡಲಗಳಿಂದಲೂ ವ್ಯಾಪಾರಿ ಮತ್ತು ಗಣಿ ಸಂಘಗಳಿಂದಲೂ ಬರುವವರು. ರಕ್ಷಣೆ ಮತ್ತು ಪರರಾಷ್ಟ್ರ, ಹಣಕಾಸು, ನ್ಯಾಯ ಈ ಮೂರು ಖಾತೆಗಳು ಬಿಳಿಯ ಅಧಿಕಾರಿಗಳವು. ಮೇಲಿನಿಂದ ಗವರ್ನರರ ಮೀಸಲು ಅಧಿಕಾರ. ಆದರೂ ಆ 38ರಲ್ಲಿ 34 ಸ್ಥಾನಗಳು ಎನ್‌ಕ್ರುಮಾರ ಪಕ್ಷಕ್ಕೆ ಸಂದವು. ಸೆರೆಮನೆಯಲ್ಲಿದ್ದ ಅವರಿಗೇ ಅಕ್ರಾ ಮಧ್ಯ ಕ್ಷೇತ್ರದಲ್ಲಿ 23,122 ಮತಗಳಲ್ಲಿ 22,780 ಬಿದ್ದವು.

ಇದೀಗ ಗವರ್ನರರ ಪರೀಕ್ಷೆಯ ಗಳಿಗೆ. ಕಾನೂನನ್ನೇ ಮುಂದೊಡ್ಡಿ ಖೈದಿಯನ್ನು ಒಳಗೇ ಇಡಬಹುದಾಗಿತ್ತು. ಹಾಗೆ ಸಲಹೆ ಕೊಡತಕ್ಕ ಬಿಳಿಯರಿಗೂ ಹಳೆಯ ಮುಖಂಡರಿಗೂ ಆ ಪಟ್ಟಣದಲ್ಲಿ ಕೊರತೆಯಿರಲಿಲ್ಲ. 1937ರಲ್ಲಿ ನಮ್ಮ ಪ್ರಾಂತಗಳಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬಹುದು. ಬಹುಮತ ಗಳಿಸಿದ ಕಾಂಗ್ರೆಸ್ಸು ಗವರ್ನರರ ವಿಶೇಷಾಧಿಕಾರಗಳ ಬಗ್ಗೆ ಭರವಸೆ ಕೇಳಿದಾಗ, ಮುಂಬಯಿ ಇಲಾಖೆಯಲ್ಲಿ ಬೆಂಬಲವಿಲ್ಲದ ಮಧ್ಯಂತರ ಮಂತ್ರಿಮಂಡಲವನ್ನು ಕೂರಿಸಿ ಮೂರು ತಿಂಗಳು ಕಳೆದರು. ಧಾರವಾಡ ಬೆಳಗಾವಿಗಳ ಹಿರಿಯರು ಆ ತೊಗಲುಗೊಂಬೆಯಾಟವನ್ನು ಕಂಡವರು. 1947ರಲ್ಲಿ ಮೈಸೂರಿನಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಸೆರೆಹಿಡಿದ ಕೆ. ಸಿ. ರೆಡ್ಡಿಯವರನ್ನು ಅಕ್ಟೋಬರಿನಲ್ಲಿ ಮುಖ್ಯಮಂತ್ರಿಯಾಗಿ ಬರಮಾಡಿಕೊಳ್ಳಬೇಕಾಯಿತು. ಬರ್ಮಾದಲ್ಲಿ ಆಂಗ್ ಸಾನ್‌ರೊಡನೆ ಹೊಂದಿಕೊಳ್ಳಲಾರದ ಗವರ್ನರ್ ಡಾರ್ಮನ್-ಸ್ಮಿತ್ತರ ಸ್ಥಾನಕ್ಕೆ 1946ರಲ್ಲಿ ರ‍್ಯಾನ್ಸ್ ಎಂಬ ಸೇನಾಧಿಕಾರಿಯನ್ನು ಕಳುಹಿಸಬೇಕಾಯಿತು. ಈ ಪಾಠಗಳೆಲ್ಲ ಆರ್ಡನ್-ಕ್ಲಾರ್ಕರ ಮುಂದೆ ತೆರೆದಿದ್ದವು.

ಅವರು ಕಾಲಹರಣ ಮಾಡಲಿಲ್ಲ. ಫೆಬ್ರವರಿ 12ರಂದು ಎನ್‌ಕ್ರುಮಾರ ಬಿಡುಗಡೆಯಾಯಿತು. ಸರಕಾರದ ಪ್ರಕಟಣೆಯಲ್ಲಿ ಇದನ್ನು 'ಕೃಪೆ'ಯ ಕಾರ್ಯವೆಂದು ಕರೆದರು. ಈ ಶಬ್ದದ ಬಗ್ಗೆ ನಮಗೆ ಆಕ್ಷೇಪಣೆಯಿದೆ. ಇಪ್ಪತ್ತೆರಡು ಸಾವಿರ ಚಿಲ್ಲರೆ ಮತದಾರರು ಸೆರೆಮನೆಯ ಬಾಗಿಲನ್ನು ಒದ್ದು ನಿಂತಿರುವಾಗ ತೆಗೆದ ಬೀಗಕ್ಕೆ ಕೃಪೆಯೆಂಬ ಹೆಸರು ಸಲ್ಲದು. ಗವರ್ನರರು ಸ್ವತಃ ಇಷ್ಟು ಕೃತ್ರಿಮಿಗಳಲ್ಲವೆಂಬುದು ಅವರ ಸ್ವಂತ ಬರಹದಿಂದಲೇ ಕಾಣುತ್ತದೆ. ನಿವೃತ್ತರಾದ ಮೇಲೆ 1958ರಲ್ಲಿ 'ಆಫ್ರಿಕನ್ ಅಫೇರ್ಸ್' ಎಂಬ ಪತ್ರಿಕೆಯಲ್ಲಿ ಬರೆಯುತ್ತ, ಜನಸಮೂಹ ಎನ್‌ಕ್ರುಮಾರ ಹಿಂದಿತ್ತೆಂದೂ, ಅವರನ್ನು ಹೊರಗಿಟ್ಟಿದ್ದರೆ ರಾಜ್ಯಾಂಗವು ಹುಟ್ಟುತ್ತಲೇ ಸತ್ತು ನಾಡು ರಕ್ತಪಾತಕ್ಕೆ ಗುರಿಯಾಗುತ್ತಿತ್ತೆಂದೂ ಅವರು ಒಪ್ಪಿಕೊಂಡಿದ್ದಾರೆ. ಮರುದಿನ ಕೋಟೆಯಲ್ಲಿ ನಡೆದ ಮೊದಲ ಭೇಟಿಯನ್ನು ಅವರು ಹೋಲಿಸಿರುವುದು, ಕಚ್ಚಲೋ ಬಾಲವಾಡಿಸಲೋ ಎಂದು ನಿರ್ಧರಿಸಲಾರದೆ ಕೂದಲು ನಿಮಿರಿಸಿ ಒಂದನ್ನೊಂದು ಮೂಸುವ ಎರಡು ನಾಯಿಗಳಿಗೆ. ಒಬ್ಬ ಗವರ್ನರನು ತನ್ನನ್ನೂ ಸೇರಿಸಿಕೊಂಡು ಹೀಗೆ ಬರೆದುದು ಆ ವರ್ಗದ ಸ್ಮರಣಿಕೆಗಳಲ್ಲಿ ಅಪೂರ್ವ.

ಇಬ್ಬರೂ ಕಚ್ಚಲಿಲ್ಲ. ಎನ್‌ಕ್ರುಮಾರು ಮೋಸದ ಸರಕೆಂದು ತಾವೇ ಹೀಯಾಳಿಸಿದ್ದ ರಾಜ್ಯಾಂಗದೊಳಗೆ ಕಾಲಿಟ್ಟು 'ಸರಕಾರಿ ಕಾರ್ಯಗಳ ನಾಯಕ'ರಾದರು. 1952ರ ಮಾರ್ಚಿನಲ್ಲಿ ಪ್ರಧಾನಮಂತ್ರಿ ಎಂಬ ಹೆಸರು ಬಂದಿತು. 1954ರಲ್ಲಿ ಪೂರ್ತಿ ಆಫ್ರಿಕನ್ ಮಂತ್ರಿಮಂಡಲ. 104 ಸ್ಥಾನಗಳ ಶಾಸನಸಭೆಯಲ್ಲಿ 72 ಸ್ಥಾನಗಳು ಅವರ ಪಕ್ಷಕ್ಕೆ. ಸರವಾಕಿನಲ್ಲಿ ಗುಮಾಸ್ತರನ್ನು ಹೊರಗೆ ಅಟ್ಟಿದ ಕೈಯೇ ಇಲ್ಲಿ ಖೈದಿಯನ್ನು ಒಳಗೆ ಕರೆದುದು ಹೇಗೆಂದು ಕೇಳುವವರಿದ್ದಾರೆ. ಉತ್ತರ ಕಠಿಣವಲ್ಲ. ಲಂಡನ್ನಿಗೆ ಸರವಾಕ್ ಬೇಕಾಗಿತ್ತು, ಅಲ್ಲಿ ವಿರೋಧಿಗಳ ಸಂಖ್ಯೆ ಚಿಕ್ಕದು. ಗೋಲ್ಡ್ ಕೋಸ್ಟನ್ನು ಹಿಡಿದಿಡುವ ಖರ್ಚು ಲಂಡನ್ನಿಗೆ ಬೇಡವಾಗಿತ್ತು, ಅಲ್ಲಿ ವಿರೋಧಿಗಳ ಸಂಖ್ಯೆ ಸಭೆಯನ್ನೇ ತುಂಬುವಷ್ಟು.

ಲೆಕ್ಕ ಬಲ್ಲವರಿಗೂ ಬಗೆಹರಿಯದ ಒಂದು ಬಾಕಿ ಉಳಿಯಿತು. ಅದೇ ಅಶಾಂತಿ ಪ್ರಾಂತದ ಪ್ರಶ್ನೆ. 1954ರಲ್ಲಿ ಎನ್‌ಕ್ರುಮಾ ಸರಕಾರವು ಅರವತ್ತು ಪೌಂಡಿನ ಕೋಕೋ ಹೊರೆಗೆ 72 ಶಿಲಿಂಗೆಂದು ಬೆಲೆ ಕಟ್ಟಿತು. ಜಗತ್ತಿನ ಪೇಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಮೇಲಿತ್ತು. ಕೋಕೋ ಬೆಳೆಯುವ ಅಶಾಂತಿಯ ರೈತರೂ ನಾಯಕರೂ ಕೆರಳಿ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವಿಮೋಚನಾ ಪಕ್ಷವನ್ನು ಕಟ್ಟಿ, ಪ್ರಾಂತಗಳಿಗೆ ಅಧಿಕಾರ ಹಂಚುವ ಸಂಯುಕ್ತ ರಾಜ್ಯಾಂಗ ಬೇಕೆಂದರು. ಕುಮಾಸಿಯ ಬೀದಿಗಳಲ್ಲಿ ಎರಡೂ ಪಕ್ಷಗಳವರು ಬಾಂಬು, ಕೋವಿಗಳಿಂದ ಹೊಡೆದಾಡಿದರು. 1955ರ ಮಾರ್ಚಿನಲ್ಲಿ ಸಂಧಾನಕ್ಕೆಂದು ಅಲ್ಲಿಗೆ ಹೋದ ಗವರ್ನರರ ಮೋಟಾರಿನ ಮೇಲೆಯೇ ಕಲ್ಲುಮಣ್ಣು ಬಿದ್ದವು. ರಾಜ್ಯಾಂಗದ ಸಲಹೆಗಾಗಿ ಕರೆಸಿದ ಸರ್ ಫ್ರೆಡ್ರಿಕ್ ಬೋರ್ನರು ನಮ್ಮ ಮಧ್ಯಪ್ರಾಂತಕ್ಕೂ, ವಿಭಜನೆಯ ತರುವಾಯ ಪೂರ್ವ ಬಂಗಾಳಕ್ಕೂ ಗವರ್ನರರಾಗಿದ್ದವರು. ನಾಡು ಒಡೆದರೆ ಏನಾಗುತ್ತದೆಂಬುದನ್ನು ಕಣ್ಣಾರೆ ಕಂಡವರು. ವಿಮೋಚನಾ ಪಕ್ಷದವರು ಅವರನ್ನು ಭೇಟಿಯಾಗಲೂ ಒಪ್ಪಲಿಲ್ಲ.

ಆಗ ಲಂಡನ್ನಿನ ವಸಾಹತು ಮಂತ್ರಿ ಲೆನಕ್ಸ್-ಬಾಯ್ಡ್ ಇನ್ನೊಂದು ಚುನಾವಣೆಯ ಹಠ ಹಿಡಿದರು. 1956ರ ಜುಲೈ ತಿಂಗಳ ಆ ಚುನಾವಣೆಯಲ್ಲಿ ಎನ್‌ಕ್ರುಮಾರಿಗೆ 71 ಸ್ಥಾನಗಳು ಬಂದವು; ಅಶಾಂತಿಯಲ್ಲಿ ಮಾತ್ರ 21ರಲ್ಲಿ 8. ಒಟ್ಟು ನಾಡಿನ ಮತವನ್ನು ಎಣಿಸಿದವರಿಗೆ ಸ್ವಾತಂತ್ರ್ಯವನ್ನು ತಡೆಯಲು ಕಾರಣವಿರಲಿಲ್ಲ. ಕುಮಾಸಿಯಲ್ಲಿ ಕುಳಿತು ಎಣಿಸಿದವರಿಗೆ ಬಿಳಿಯ ಒಡೆಯನು ಹೋಗಿ ಅಕ್ರಾದ ಒಡೆಯನು ಬಂದಂತೆ ತೋರಿತು. ಗವರ್ನರರು ಮೊದಲನೆಯ ಲೆಕ್ಕವನ್ನೇ ಹಿಡಿದರು. ಹಾಗೆ ಹಿಡಿದುದು ಸರಿಯೆಂದೇ ನಮ್ಮ ಮತ. ಅಲ್ಪಸಂಖ್ಯಾತರ ಭಯವನ್ನು ತೋರಿಸಿ ಸ್ವಾತಂತ್ರ್ಯದ ದಿನವನ್ನು ಮುಂದೂಡುವ ಹಂಚಿಕೆಯಿಂದ ನಮ್ಮ ದೇಶವು ಅನುಭವಿಸಿದುದನ್ನು ಮರೆಯಲಾದೀತೆ? ಆದರೆ ಆ ಭಯವೆಲ್ಲ ಬರಿಯ ನೆಪವಾಗಿರಲಿಲ್ಲವೆಂಬುದು ಮುಂದೆ ತಿಳಿದುಬಂದಿತು. 1958ರಲ್ಲಿ ಸ್ವತಂತ್ರ ಘಾನಾದ ಶಾಸನಸಭೆಯು ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಕಾಯಿದೆಯನ್ನು ಮಾಡಿತು. 1948ರಲ್ಲಿ ಎನ್‌ಕ್ರುಮಾರ ಜೊತೆಯಲ್ಲಿಯೇ ಬಂಧನಕ್ಕೊಳಗಾಗಿದ್ದ ಡಾಕ್ಟರ್ ಡಾಂಕ್ವಾ ಅವರು ಅದೇ ಕಾಯಿದೆಯ ಖೈದಿಯಾಗಿ 1965ರಲ್ಲಿ ಪ್ರಾಣಬಿಟ್ಟರು. ಮರುವರ್ಷ ಸೈನ್ಯದವರು ಎನ್‌ಕ್ರುಮಾರನ್ನು ಕೆಳಗಿಳಿಸಿದರು. ಇದರ ಹೊಣೆಯನ್ನು ಗವರ್ನರರ ತಲೆಗೆ ಕಟ್ಟುವುದು ಅನ್ಯಾಯ. ಆದರೂ ತುರ್ತು ಶಾಸನಗಳಿಂದ ಆಳುವ ಬಗೆಯನ್ನು ಅಕ್ರಾದ ಜನರು ಮೊದಲು ಕಂಡದ್ದು ಯಾರ ಕಾಲದಲ್ಲಿ ಎಂಬುದನ್ನು ಮರೆಯಕೂಡದು.

1956ರ ಸೆಪ್ಟೆಂಬರ್ 17ರಂದು ಗವರ್ನರರು ಪ್ರಧಾನಮಂತ್ರಿಗಳನ್ನು ಕೋಟೆಗೆ ಕರೆಸಿ, ಮುಂದಿನ ಮಾರ್ಚ್ 6ನೆಯ ದಿನ ಗೊತ್ತಾಗಿದೆಯೆಂಬ ಲಂಡನ್ನಿನ ಪತ್ರವನ್ನು ಅವರ ಕೈಯಲ್ಲಿಟ್ಟರು. ಎನ್‌ಕ್ರುಮಾರು ಹೇಳುವಂತೆ, ನೀವು ಹೋರಾಡಿದ್ದು ಇಂದು ಕೈಗೂಡಿತೆಂದು ಗವರ್ನರರು ಅಭಿನಂದಿಸಿದಾಗ ಅವರು ಅದನ್ನು ತಿದ್ದಿ, ನಾವಿಬ್ಬರೂ ಹೋರಾಡಿದ್ದು ಎಂದರಂತೆ. ಗೆದ್ದವರಿಗೆ ಇಂಥ ಔದಾರ್ಯ ಶೋಭಿಸುತ್ತದೆ. ಆದರೆ ಅವರ ಸೌಜನ್ಯದ ಮಾತನ್ನು ಹಿಡಿದುಕೊಂಡು, ಆಳಿದವರ ಕಡೆಯವರು ಅದನ್ನೇ ಚರಿತ್ರೆಯ ತೀರ್ಪೆಂದು ಸಾರುವುದು ಬೇರೆ ಮಾತು. ನಮ್ಮ ಎಣಿಕೆಯಲ್ಲಿ ಹೋರಾಡಿದವರ ಪಟ್ಟಿಯು ಫೆಬ್ರವರಿ 28ರಂದು ಕೋಟೆಯ ದಾರಿಯಲ್ಲಿ ಬಿದ್ದ ಆ ಮೂವರು ಸಿಪಾಯಿಗಳಿಂದ ಮೊದಲಾಗುತ್ತದೆ. ಗವರ್ನರರ ಹೆಸರು, ಅಡ್ಡಬರದವರ ಪಟ್ಟಿಯಲ್ಲಿ, ಗೌರವದ ಸ್ಥಾನದಲ್ಲಿಯೇ ಇದೆ.

1957ರ ಮಾರ್ಚ್ 6ರಂದು ಘಾನಾ ಸ್ವತಂತ್ರವಾಯಿತು. ಆರ್ಡನ್-ಕ್ಲಾರ್ಕರು ಕೆಲವು ವಾರಗಳ ಕಾಲ ಹೊಸ ರಾಷ್ಟ್ರದ ಗವರ್ನರ್-ಜನರಲರಾಗಿದ್ದು, ಬಳಿಕ ಸ್ವದೇಶಕ್ಕೆ ತೆರಳಿದರು. 1962ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಸ್ಥಾನಕ್ಕೆ ಬಂದ ಲಾರ್ಡ್ ಲಿಸ್ಟೋವೆಲ್ಲರು, 1947ರ ಆಗಸ್ಟಿನಲ್ಲಿ ಲಂಡನ್ನಿನ ಇಂಡಿಯಾ ಆಫೀಸಿನ ಕೆಲಸ ಮುಗಿದಾಗ ಅದರ ಕಡೆಯ ಮಂತ್ರಿಯಾಗಿದ್ದವರು. ಅವರು ಕೂತ ಹುದ್ದೆಯೂ 1960ರ ಜುಲೈ 1ರಂದು ಘಾನಾ ಗಣರಾಜ್ಯವಾದಾಗ ರದ್ದಾಯಿತು.